ಬಲೆಯ ಊರು, ಮರದ ಊರು

2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಹೊತ್ತಿನಲ್ಲಿ, ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಮೇಲೆ ಸಾಗುತ್ತಿದ್ದ ಲಾರಿಯೊಂದು ನೀರಿಗೆ ಬಿತ್ತು. ಅದರ ಚಾಲಕ ಬದುಕಿ ಬಂದರು. ಸದಾಶಿವಗಡದ ಜನರನ್ನು ಕಾರವಾರದ ಆಸ್ಪತ್ರೆಗೆ, ಕಾಲೇಜಿಗೆ, ಕಚೇರಿಗೆ, ಮೀನುಪೇಟೆಗೆ ನಾಲ್ಕು ದಶಕಗಳ ಕಾಲ ದಾಟಿಸಿದ ಸೇತುವೆ ಅದು. ಪಕ್ಕದಲ್ಲಿಯೇ ಚತುಷ್ಪಥ ಹೆದ್ದಾರಿಗಾಗಿ ಕಟ್ಟಿದ ಇನ್ನೊಂದು ಸೇತುವೆ ಇದ್ದುದರಿಂದ ಸಂಚಾರ ಅದರ ಮೇಲೆ ಮುಂದುವರಿಯಿತು. ಆ ಎರಡನೆಯದು ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತು? ಕಾರವಾರದ ಬದಿಯ ಕೋಡಿಬಾಗದ ದಡದಲ್ಲಿ ನಿಂತವರಿಗೆ ಸದಾಶಿವಗಡದ ಗುಡ್ಡ ಎಂದಿನಂತೆ ಎದುರಿಗೇ ಕಾಣುತ್ತಿತ್ತು. ಅಲ್ಲಿಗೆ ಹೋಗಬೇಕೆಂದರೆ ಮಾತ್ರ ದೋಣಿ ಹುಡುಕಬೇಕಿತ್ತು, ಇಲ್ಲವೇ ನದಿಯ ಮೇಲ್ಭಾಗದವರೆಗೆ ಹೋಗಿ ಬಳಸಿಕೊಂಡು ಬರಬೇಕಿತ್ತು.

ಕಣ್ಣಿಗೆ ಹತ್ತಿರ, ಕಾಲಿಗೆ ದೂರ. ರಸ್ತೆ ಸಂಪರ್ಕ ಎಂದು ನಗರ ಯೋಜಕರು ಕರೆಯುವ ವಿಷಯದ ತಿರುಳು ಇಷ್ಟೇ. ನಾವು ರಸ್ತೆಯ ಬಗ್ಗೆ ಮಾತನಾಡುವಾಗ ಅದರ ಅಗಲ, ಡಾಂಬರು, ಹೊಂಡಗಳ ಬಗ್ಗೆ ಮಾತನಾಡುತ್ತೇವೆ. ಯಾವ ರಸ್ತೆ ಯಾವುದನ್ನು ಕೂಡುತ್ತದೆ ಎಂಬುದು ಮಾತಿಗೆ ಬರುವುದು ಅಪರೂಪ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಮಳೆಗೆ ಡಾಂಬರು ಕೆಲವೇ ವರ್ಷಗಳಲ್ಲಿ ಕಿತ್ತು ಹೋಗುತ್ತದೆ, ಒಂದೆರಡು ತಲೆಮಾರಿನಲ್ಲಿ ಮನೆಯನ್ನೂ ಕೆಡವಿ ಕಟ್ಟುತ್ತಾರೆ. ರಸ್ತೆಗಳು ಒಂದಕ್ಕೊಂದು ಕೂಡಿದ ಬಗೆ ಮಾತ್ರ ಶತಮಾನಗಳವರೆಗೆ ಹಾಗೆಯೇ ಉಳಿಯುತ್ತದೆ. 1666ರ ಬೆಂಕಿಯಲ್ಲಿ ಲಂಡನ್ನಿನ ಹಳೆಯ ನಗರದ ಬಹುಭಾಗ ಸುಟ್ಟುಹೋದಾಗ ಹೊಸ ಬೀದಿಗಳ ನಕ್ಷೆಗಳನ್ನು ಹಲವರು ಬರೆದುಕೊಟ್ಟರು. ಆದರೆ ನಗರ ಮತ್ತೆ ಎದ್ದು ನಿಂತದ್ದು ಬಹುಮಟ್ಟಿಗೆ ಹಳೆಯ ಬೀದಿಗಳ ಮೇಲೆಯೇ. ಮನೆ ಸುಟ್ಟರೂ ಜಾಗದ ಮೇರೆ ಸುಡುವುದಿಲ್ಲ, ಮೇರೆ ಬಿಟ್ಟುಕೊಡಲು ಯಾರೂ ಸಿದ್ಧರಿರುವುದಿಲ್ಲ.

ಆದ್ದರಿಂದ ಒಂದು ಊರು ಬೆಳೆಯುವಾಗ ಮೊದಲ ರಸ್ತೆಗಳು ಹೇಗೆ ಕೂಡುತ್ತವೆ ಎಂಬುದು ಆ ಊರಿನ ಮೊಮ್ಮಕ್ಕಳ ಮಕ್ಕಳವರೆಗೆ ತಲುಪುವ ತೀರ್ಮಾನ. ಶಿರಸಿ, ಕುಮಟಾ, ಕಾರವಾರದ ಅಂಚಿನಲ್ಲಿ ಆ ತೀರ್ಮಾನಗಳು ಈಗ ಆಗುತ್ತಿವೆ, ಹೆಚ್ಚಿನ ಸಲ ಯಾರೂ ಗಮನಿಸದೆಯೇ ಆಗುತ್ತಿವೆ. ಅದಕ್ಕಾಗಿಯೇ ಈ ವಿಷಯವನ್ನು ಬಿಡಿಸಿ ಹೇಳಬೇಕೆನಿಸಿತು.

ದಾರಿಗಳ ಕೂಡುವಿಕೆಯನ್ನು ಗಣಿತದ ಕಣ್ಣಿನಿಂದ ನೋಡುವುದನ್ನು ಕಲಿಸಿದ್ದು ಕೂಡ ಸೇತುವೆಗಳೇ. ಕೋನಿಗ್ಸ್‌ಬರ್ಗ್ ಎಂಬ ಪಟ್ಟಣದಲ್ಲಿ ನದಿಯ ಮೇಲೆ ಏಳು ಸೇತುವೆಗಳಿದ್ದವು. ಪ್ರತಿಯೊಂದನ್ನೂ ಒಂದೇ ಒಂದು ಸಲ ದಾಟಿ ಊರು ಸುತ್ತಲು ಸಾಧ್ಯವೇ ಎಂಬುದು ಅಲ್ಲಿನವರ ಒಗಟಾಗಿತ್ತು. ಸಾಧ್ಯವಿಲ್ಲ ಎಂದು 1736ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ತೋರಿಸಿಕೊಟ್ಟರು. ಅದಕ್ಕಾಗಿ ಅವರು ಸೇತುವೆಯ ಉದ್ದ, ನದಿಯ ಅಗಲ ಎಲ್ಲವನ್ನೂ ಬದಿಗಿಟ್ಟು, ಯಾವ ನೆಲ ಯಾವ ನೆಲಕ್ಕೆ ಎಷ್ಟು ಸೇತುವೆಗಳಿಂದ ಕೂಡಿದೆ ಎಂಬುದೊಂದನ್ನೇ ನೋಡಿದರು. ಆ ನೋಟದಿಂದ ಬೆಳೆದ ಗಣಿತದಲ್ಲಿ ನೆಲವೆಂದರೆ ಚುಕ್ಕಿ, ಸೇತುವೆಯೆಂದರೆ ಗೆರೆ. ಅಂಗಳದ ಚುಕ್ಕಿ ರಂಗೋಲಿಯನ್ನು ನೋಡಿ ಬೆಳೆದ ನಮಗೆ ಇದು ಹೊಸದೇನಲ್ಲ. ಇಂದಿಗೂ ನಗರದ ರಸ್ತೆಗಳನ್ನು ಅಳೆಯುವುದು ಹೀಗೆಯೇ: ಎರಡು ಮೂರು ದಾರಿಗಳು ಕೂಡುವ ಜಾಗವೂ ದಾರಿ ನಿಂತುಹೋಗುವ ಜಾಗವೂ ಚುಕ್ಕಿ, ನಡುವಿನ ರಸ್ತೆ ಗೆರೆ.

ಒಂದು ಕಾಗದ ತೆಗೆದುಕೊಂಡು ನಾಲ್ಕು ಸಾಲು, ಸಾಲಿಗೆ ನಾಲ್ಕರಂತೆ 16 ಚುಕ್ಕಿ ಇಡಿ. ಪಕ್ಕಪಕ್ಕದ ಚುಕ್ಕಿಗಳನ್ನು ಅಡ್ಡಕ್ಕೂ ಉದ್ದಕ್ಕೂ ಕೂಡಿಸಿದರೆ 24 ಗೆರೆಗಳು ಬರುತ್ತವೆ, ನಡುವೆ 9 ಚೌಕಗಳು ಮೂಡುತ್ತವೆ. ಒಂದು ಮೂಲೆಯಿಂದ ಎದುರು ಮೂಲೆಗೆ, ಒಂದು ಹೆಜ್ಜೆಯೂ ಹೆಚ್ಚಾಗದಂತೆ, 20 ಬೇರೆ ಬೇರೆ ದಾರಿಗಳಲ್ಲಿ ಹೋಗಬಹುದು. ಎಣಿಸಿ ನೋಡಿ, ಮಕ್ಕಳಿಗೆ ಒಳ್ಳೆಯ ಆಟ.

ಈಗ ಒಂದೊಂದೇ ಗೆರೆ ಅಳಿಸುತ್ತ ಬನ್ನಿ. ಯಾವ ಚುಕ್ಕಿಯೂ ಒಂಟಿಯಾಗಬಾರದು, ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಲು ಆಗಬೇಕು ಎಂಬುದೊಂದೇ ನಿಯಮ. 9 ಗೆರೆಗಳನ್ನು ಹೀಗೆ ಅಳಿಸಬಹುದು. ಉಳಿದ 15 ಗೆರೆಗಳಲ್ಲೂ ಊರು ಕೂಡಿಯೇ ಇರುತ್ತದೆ, ಪ್ರತಿ ಮನೆಗೂ ರಸ್ತೆ ಇದೆ ಎಂದು ಹೇಳಬಹುದು. ಆದರೆ ಚೌಕ ಒಂದೂ ಉಳಿದಿಲ್ಲ. ಯಾವುದೇ ಎರಡು ಚುಕ್ಕಿಗಳ ನಡುವೆ ಒಂದೇ ಒಂದು ದಾರಿ. ಆ 15ರಲ್ಲಿ ಯಾವುದಾದರೂ ಒಂದು ಗೆರೆಯ ಮೇಲೆ ಮರ ಬಿದ್ದರೆ, ಚರಂಡಿ ಅಗೆದರೆ, ಮದುವೆಯ ಚಪ್ಪರ ಹಾಕಿದರೆ ಊರು ಎರಡು ಹೋಳಾಗುತ್ತದೆ.

ಮೊದಲನೆಯದು ಬಲೆ, ಎರಡನೆಯದು ಮರ. ಬೈತಕೋಲದ ಮೀನುಗಾರರ ಬಲೆಯಲ್ಲಿ ನಾಲ್ಕು ಕಣ್ಣು ಹರಿದರೂ ಬಲೆ ಬಲೆಯಾಗಿಯೇ ಇರುತ್ತದೆ. ಮರದ ಕೊಂಬೆಯನ್ನು ಬುಡದಲ್ಲಿ ಕಡಿದರೆ ಅದರ ತುದಿಯ ಎಲೆಯವರೆಗೆ ಎಲ್ಲವೂ ಒಣಗುತ್ತದೆ. ಗೆರೆಗಳ ಸಂಖ್ಯೆಯನ್ನು ಚುಕ್ಕಿಗಳ ಸಂಖ್ಯೆಯಿಂದ ಭಾಗಿಸಿದರೆ ಊರು ಎತ್ತ ವಾಲಿದೆ ಎಂಬುದು ತಿಳಿಯುತ್ತದೆ. ಮೇಲಿನ ಬಲೆಗೆ ಅದು 1.5, ಮರಕ್ಕೆ ಒಂದಕ್ಕಿಂತ ತುಸು ಕಡಿಮೆ. ನಿಮ್ಮ ಕೇರಿಯನ್ನು ಹೀಗೆ ಬರೆದು ಎಣಿಸಲು ಅರ್ಧ ಗಂಟೆ ಸಾಕು.

ಇನ್ನೊಂದು ಅಳತೆ ಬಳಸುದಾರಿಯದು. ಹಕ್ಕಿ ಹಾರುವ ನೇರ ದೂರದಿಂದ ನಾವು ನಡೆಯುವ ದೂರವನ್ನು ಭಾಗಿಸುವುದು. ಚೌಕದ ಬೀದಿಗಳಲ್ಲಿ ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಹೋಗುವಾಗ ಎಷ್ಟೇ ಕೆಟ್ಟರೂ ಇದು ಸುಮಾರು 1.41ಕ್ಕಿಂತ ಹೆಚ್ಚಾಗದು, ಏಕೆಂದರೆ ಕರ್ಣದ ಬದಲು ಎರಡು ಬದಿಗಳನ್ನು ನಡೆಯುತ್ತೇವೆ, ಅಷ್ಟೇ. ಮನೆಯಿಂದ 400 ಮೀಟರಿನೊಳಗೆ, ಅಂದರೆ ಐದಾರು ನಿಮಿಷದ ನಡಿಗೆಯಲ್ಲಿ, ಎಷ್ಟು ಊರು ಕೈಗೆಟಕುತ್ತದೆ ಎಂದು ಲೆಕ್ಕ ಹಾಕಬಹುದು. ಎಲ್ಲ ದಿಕ್ಕಿಗೂ ನೇರವಾಗಿ ನಡೆಯಲು ಸಾಧ್ಯವಾದರೆ ಸುಮಾರು 50 ಹೆಕ್ಟೇರ್. ಒತ್ತಾದ ಚೌಕದ ಬೀದಿಗಳಲ್ಲಿ 32 ಹೆಕ್ಟೇರ್. ಮರದಂಥ ರಸ್ತೆಗಳಲ್ಲಿ ಇದಕ್ಕೆ ಕೆಳಮಿತಿಯೇ ಇಲ್ಲ. ಅಂಗಡಿಯ ಹಿಂಗೋಡೆ ನಮ್ಮ ಮನೆಯ ಹಿತ್ತಲಿಗೆ ತಾಗಿಕೊಂಡಿದ್ದರೂ ಅದರ ಬಾಗಿಲಿಗೆ ಒಂದು ಕಿಲೋಮೀಟರ್ ಆಗಬಹುದು.

ನಗರ ಹರಡುವುದು ಎಂದರೆ ಸಾಮಾನ್ಯವಾಗಿ ಮನೆಗಳು ವಿರಳವಾಗಿ ಹೆಚ್ಚು ನೆಲವನ್ನು ನುಂಗುವುದು ಎಂದು ಅರ್ಥ ಮಾಡಿಕೊಳ್ಳುತ್ತೇವೆ. ಅದು ನಿಜ. ಆದರೆ ಉತ್ತರ ಕನ್ನಡದಲ್ಲಿ ಆ ಅರ್ಥವೊಂದನ್ನೇ ಹಿಡಿದರೆ ದಾರಿ ತಪ್ಪುತ್ತದೆ. ಜಿಲ್ಲೆಯ ಬಹುಪಾಲು ಕಾಡು. ಕರಾವಳಿಯಲ್ಲಿ ಸಮುದ್ರ, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ಹೊಳೆ, ಗುಡ್ಡಗಳ ನಡುವೆ ಮನೆ ಕಟ್ಟಲು ಉಳಿಯುವ ನೆಲ ಮೊದಲೇ ಕಡಿಮೆ. ಘಟ್ಟದ ಮೇಲೆ ತೋಟ ಕಣಿವೆಯಲ್ಲಿ, ಮನೆ ಅದರ ಅಂಚಿನಲ್ಲಿ. ನಮ್ಮ ಊರುಗಳು ಯಾವಾಗಲೂ ಚದುರಿಯೇ ಇದ್ದವು, ವಾಹನಗಳು ಬಂದು ಅವುಗಳನ್ನು ಚದುರಿಸಿದ್ದಲ್ಲ. ಹಾಗಾಗಿ ಇಲ್ಲಿ ಕೇಳಬೇಕಾದ ಪ್ರಶ್ನೆ ಮನೆಗಳು ಎಷ್ಟು ದೂರದೂರ ಇವೆ ಎಂಬುದಲ್ಲ. ದೂರ ಇರುವ ಮನೆಗಳ ನಡುವೆ ದಾರಿಗಳು ಬಲೆಯಂತಿವೆಯೋ ಮರದಂತಿವೆಯೋ ಎಂಬುದು.

ಶಿರಸಿಯನ್ನೇ ನೋಡೋಣ. ಹಳೆಯ ಪೇಟೆಯಲ್ಲಿ ಓಣಿಗೆ ಓಣಿ ಕೂಡುತ್ತದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಯಲ್ಲಿ ಬಿಡ್ಕಿಬೈಲಿನ ಸುತ್ತ ಕಾಲಿಡಲು ಜಾಗವಿಲ್ಲದಷ್ಟು ಜನ ಸೇರುತ್ತಾರೆ, ವಾಹನಗಳನ್ನು ಹೊರಗೇ ತಡೆಯುತ್ತಾರೆ. ಆದರೂ ಪೇಟೆಯವರು ಒಂದು ಓಣಿ ತುಂಬಿದರೆ ಇನ್ನೊಂದನ್ನು ಹಿಡಿದು ತಮ್ಮ ಕೆಲಸಕ್ಕೆ ಹೋಗುತ್ತಾರೆ. ಹಳೆಯ ಪೇಟೆಗಳು ಎಲ್ಲೆಡೆ ಹೀಗೆಯೇ. ಗೋಕರ್ಣದ ದೇವಸ್ಥಾನದ ಸುತ್ತಲಿನ ಓಣಿಗಳಲ್ಲಿ ನಡೆದವರಿಗೆ ಇದು ಗೊತ್ತಿರುತ್ತದೆ. ನಡೆದು ಬದುಕುವ ಜನ ಕಟ್ಟಿದ ಊರಿನಲ್ಲಿ ಅನಗತ್ಯವಾಗಿ ಬಳಸುವ ದಾರಿ ಬಹಳ ದಿನ ಬಾಳುವುದಿಲ್ಲ. ಯಾರೋ ಒಬ್ಬರು ಎಲ್ಲೋ ಒಂದು ಸಂದಿಯಲ್ಲಿ ನುಸುಳಿ ಹತ್ತಿರದ ದಾರಿ ಮಾಡಿಯೇ ಮಾಡುತ್ತಾರೆ.

ಮುಂದಿನ ಹಂತದಲ್ಲಿ ಊರು ದೊಡ್ಡ ರಸ್ತೆಗಳ ಉದ್ದಕ್ಕೆ ಚಾಚುತ್ತದೆ. ಯಲ್ಲಾಪುರ, ಹುಬ್ಬಳ್ಳಿ, ಬನವಾಸಿ, ಸಿದ್ದಾಪುರ, ಕುಮಟಾ ಹೀಗೆ ಶಿರಸಿಯಿಂದ ಹೊರಡುವ ಪ್ರತಿ ರಸ್ತೆಯ ಬದಿಗೂ ಮನೆ, ಗ್ಯಾರೇಜು, ಸಭಾಭವನ, ಶಾಲೆ ಬರುತ್ತವೆ. ನಕ್ಷೆಯಲ್ಲಿ ಊರು ಬೆರಳು ಚಾಚಿದ ಅಂಗೈಯಂತೆ ಕಾಣುತ್ತದೆ. ಕೇಂದ್ರದಿಂದ ಐದು ರಸ್ತೆಗಳು ಸಮಾನ ಅಂತರದಲ್ಲಿ ಹೊರಟಿವೆ ಎಂದುಕೊಳ್ಳಿ. ಒಂದು ರಸ್ತೆಯಲ್ಲಿ 2 ಕಿಲೋಮೀಟರ್ ಆಚೆ ನಿಮ್ಮ ಮನೆ, ಪಕ್ಕದ ರಸ್ತೆಯಲ್ಲಿ 2 ಕಿಲೋಮೀಟರ್ ಆಚೆ ನಿಮ್ಮ ಮಗಳ ಶಾಲೆ. ನೇರ ದೂರ 2.35 ಕಿಲೋಮೀಟರ್, ಅಡ್ಡರಸ್ತೆ ಇಲ್ಲದಿದ್ದರೆ ನಡೆಯಬೇಕಾದದ್ದು 4 ಕಿಲೋಮೀಟರ್. ಅದಕ್ಕಿಂತ ಮುಖ್ಯವಾದದ್ದು, ಆ 4 ಕಿಲೋಮೀಟರ್ ಪೇಟೆಯ ನಡುವಿನಿಂದಲೇ ಹೋಗಬೇಕು. ಪೇಟೆಯಲ್ಲಿ ಏನೂ ಕೆಲಸವಿಲ್ಲದವರೂ ಪೇಟೆಯ ವೃತ್ತದಲ್ಲಿ ಬಂದು ನಿಲ್ಲುತ್ತಾರೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಐದು ರಸ್ತೆ ವೃತ್ತದಲ್ಲಿ ಸಿಕ್ಕಿಬಿದ್ದಾಗ ನನಗೆ ಈ ಲೆಕ್ಕ ನೆನಪಾಗುತ್ತದೆ. ಅಲ್ಲಿ ಕಾಯುತ್ತಿರುವ ವಾಹನಗಳಲ್ಲಿ ಎಷ್ಟೋ ಅಲ್ಲಿಗೆ ಬರಬೇಕಾಗಿಯೇ ಇರಲಿಲ್ಲ. ವೃತ್ತವನ್ನು ಅಗಲ ಮಾಡಿದರೂ, ದೀಪ ಹಾಕಿದರೂ ಅವು ಬರುವುದು ತಪ್ಪುವುದಿಲ್ಲ; ತಪ್ಪಿಸಬಲ್ಲದ್ದು ದೂರದಲ್ಲೆಲ್ಲೋ ಇರಬೇಕಾಗಿದ್ದ ಒಂದು ಸಣ್ಣ ಅಡ್ಡರಸ್ತೆ.

ಮೂರನೆಯ ಹಂತದಲ್ಲಿ ಬೆರಳುಗಳ ನಡುವಿನ ಜಾಗ ತುಂಬುತ್ತದೆ. ಬಲೆ ಮರವಾಗುವುದು ಇಲ್ಲಿಯೇ, ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮುಖ್ಯರಸ್ತೆಯ ಹಿಂದಿನ ಜಮೀನು ಸರ್ವೆ ನಂಬರುಗಳಲ್ಲಿ ಹಂಚಿಹೋಗಿದೆ. ಒಬ್ಬರು ತಮ್ಮ ಎರಡು ಎಕರೆ ಗದ್ದೆಯನ್ನು ಎನ್‌ಎ ಮಾಡಿಸಿ, ಅಂದರೆ ಕೃಷಿಯೇತರ ಬಳಕೆಗೆ ಬದಲಿಸಿಕೊಂಡು, ಲೇಔಟ್ ಹಾಕುತ್ತಾರೆ. ಐದು ವರ್ಷದ ಬಳಿಕ ಪಕ್ಕದವರು ಅದನ್ನೇ ಮಾಡುತ್ತಾರೆ. ಪ್ರತಿ ಲೇಔಟಿನ ನಕ್ಷೆ ಬೇರೆ ಬೇರೆಯಾಗಿ ಕಚೇರಿಗೆ ಹೋಗುತ್ತದೆ, ಬೇರೆ ಬೇರೆಯಾಗಿ ಮಂಜೂರಾಗಿ ಬರುತ್ತದೆ. ನಕ್ಷೆಯನ್ನು ನೋಡುವವರು ಒಳಗಿನ ರಸ್ತೆಯ ಅಗಲ ಸರಿಯಾಗಿದೆಯೇ, ಉದ್ಯಾನಕ್ಕೆ ಜಾಗ ಬಿಟ್ಟಿದ್ದಾರೆಯೇ, ಮುಖ್ಯರಸ್ತೆಗೆ ಸಂಪರ್ಕ ಇದೆಯೇ ಎಂದು ನೋಡುತ್ತಾರೆ. ಮೂರೂ ಸರಿ ಇರುತ್ತವೆ. ಪಕ್ಕದ ಲೇಔಟಿಗೆ ಸಂಪರ್ಕ ಇದೆಯೇ ಎಂದು ಕೇಳುವವರು ಯಾರು? ಪಕ್ಕದ ಲೇಔಟ್ ಇನ್ನೂ ಹುಟ್ಟಿಯೇ ಇರುವುದಿಲ್ಲ.

ಜಮೀನಿನ ಯಜಮಾನರ ಕಡೆಯಿಂದಲೂ ನೋಡಬೇಕು. ಪಕ್ಕದ ಜಮೀನಿನ ಗಡಿಯವರೆಗೆ 9 ಮೀಟರ್ ಅಗಲದ, 30 ಮೀಟರ್ ಉದ್ದದ ಒಂದು ರಸ್ತೆಯನ್ನು ಬಿಟ್ಟರೆ 270 ಚದರ ಮೀಟರ್ ಹೋಗುತ್ತದೆ. ನಮ್ಮ ಅಳತೆಯಲ್ಲಿ ಹೆಚ್ಚು ಕಡಿಮೆ ಎರಡೂ ಮುಕ್ಕಾಲು ಗುಂಟೆ. ಮೂವತ್ತು–ನಲವತ್ತರ ಸೈಟಿನ ಲೆಕ್ಕದಲ್ಲಿ ಎರಡಕ್ಕಿಂತ ಹೆಚ್ಚು ಸೈಟು. ಅಷ್ಟನ್ನು ಬಿಟ್ಟುಕೊಟ್ಟದ್ದರ ಲಾಭ ತಮಗಲ್ಲ, ನಾಳೆ ಲೇಔಟ್ ಹಾಕಲಿರುವ ಪಕ್ಕದವರಿಗೆ. ಹಾಗೆ ಬಿಡದಿದ್ದವರನ್ನು ದುರಾಸೆಯವರು ಎಂದು ನಾನು ಹೇಳಲಾರೆ. ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಸರಿಯಾದದ್ದನ್ನೇ ಮಾಡಿದಾಗ ಎಲ್ಲರಿಗೂ ಕೆಟ್ಟದ್ದು ಉಂಟಾಗುವ ಜಾಗ ಇದು. ಇಂಥ ಜಾಗದಲ್ಲಿ ನಿಯಮ ಬೇಕಾಗುತ್ತದೆ.

ಹೀಗೆ ಹತ್ತು ಲೇಔಟುಗಳಾದ ಮೇಲೆ ನೋಡಿದರೆ ಮುಖ್ಯರಸ್ತೆಗೆ ಹತ್ತು ಬಾಯಿಗಳು, ಒಳಗೆ ಹತ್ತು ಡೆಡ್ ಎಂಡ್‌ಗಳು. ಬೆನ್ನಿಗೆ ಬೆನ್ನು ತಾಗಿಸಿಕೊಂಡ ಎರಡು ಮನೆಗಳವರು ಪರಸ್ಪರ ಭೇಟಿಯಾಗಬೇಕಾದರೆ ಮುಖ್ಯರಸ್ತೆಗೆ ಹೋಗಿ ಬರಬೇಕು. ಕಸದ ಗಾಡಿ ಒಳಗೆ ಹೋದದ್ದು ಹಿಮ್ಮುಖವಾಗಿ ಬರಬೇಕು. ಬಸ್ ಕೊಂಬೆಗಳೊಳಗೆ ಬರುವುದೇ ಇಲ್ಲ, ಕಾಂಡದ ಮೇಲೆಯೇ ಓಡುತ್ತದೆ. ಹಾಗಾಗಿ ಒಳಗಿರುವವರು ಸ್ಕೂಟರ್ ಕೊಳ್ಳುತ್ತಾರೆ, ಆ ಸ್ಕೂಟರುಗಳೆಲ್ಲ ಅದೇ ಕಾಂಡಕ್ಕೆ ಬರುತ್ತವೆ. ನೀರಿನ ಕೊಳವೆಗಳೂ ರಸ್ತೆಯ ಕೆಳಗೆ ರಸ್ತೆಯ ಆಕಾರದಲ್ಲಿಯೇ ಸಾಗುತ್ತವೆ. ಸುತ್ತಿ ಬಂದು ಕೂಡದ ಕೊಳವೆಯ ಕೊನೆಯಲ್ಲಿ ಒತ್ತಡ ಕಡಿಮೆಯಾಗುತ್ತದೆ, ನೀರು ನಿಂತು ಕೆಡುತ್ತದೆ. ಬಡಾವಣೆಯ ಕೊನೆಯ ಮನೆಯವರು ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ ಎಂದು ದೂರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದ ನ್ಯೂಜೆರ್ಸಿಯಲ್ಲಿ 1929ರಲ್ಲಿ ರಾಡ್‌ಬರ್ನ್ ಎಂಬ ಬಡಾವಣೆಯನ್ನು ಕಟ್ಟಿದರು. ವಾಹನಗಳ ಗದ್ದಲ ಮನೆಯ ಬಳಿ ಬಾರದಿರಲಿ, ಮಕ್ಕಳು ನಿರ್ಭಯವಾಗಿ ಆಡಲಿ ಎಂದು ಅಲ್ಲಿ ಮನೆಗಳನ್ನು ಡೆಡ್ ಎಂಡ್ ರಸ್ತೆಗಳ ಸುತ್ತ ಇಟ್ಟರು. ಆದರೆ ಮನೆಗಳ ಇನ್ನೊಂದು ಬದಿಯಲ್ಲಿ ಉದ್ಯಾನ, ಅದರ ನಡುವೆ ನಡೆಯುವವರಿಗೇ ಮೀಸಲಾದ ದಾರಿಗಳು, ರಸ್ತೆ ಅಡ್ಡ ಬಂದಲ್ಲಿ ಕೆಳಸೇತುವೆ ಇದ್ದವು. ಕಾರಿಗೆ ಮರ, ಕಾಲಿಗೆ ಬಲೆ. ನಂತರದ ದಶಕಗಳಲ್ಲಿ ಅಮೆರಿಕದ ತುಂಬ ಈ ವಿನ್ಯಾಸದ ಅನುಕರಣೆ ನಡೆಯಿತು. ಅನುಕರಿಸಿದವರು ಡೆಡ್ ಎಂಡ್‌ಗಳನ್ನು ತೆಗೆದುಕೊಂಡರು, ಕಾಲುದಾರಿಗಳನ್ನು ಕೈಬಿಟ್ಟರು. ಬಾರಿಂಗ್ಟನ್-ಲೀ ಮತ್ತು ಮಿಲ್ಲಾರ್ಡ್-ಬಾಲ್ ಎಂಬ ಇಬ್ಬರು ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಅಲ್ಲಿ ಹೊಸ ರಸ್ತೆಗಳ ಈ ಬಿಡಿಬಿಡಿತನ 1994ರ ಸುಮಾರಿಗೆ ತುತ್ತತುದಿ ಮುಟ್ಟಿ ಆಮೇಲೆ ನಿಧಾನವಾಗಿ ಇಳಿಯತೊಡಗಿತು. ಅವರೇ 2020ರಲ್ಲಿ, ಸ್ವಯಂಸೇವಕರು ಬರೆದ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಯನ್ನು ಬಳಸಿ, ಇಡೀ ಜಗತ್ತಿನ ಲೆಕ್ಕ ಕೊಟ್ಟರು. 1975ರಿಂದೀಚೆಗೆ ಜಗತ್ತಿನ ದೊಡ್ಡ ಭಾಗದಲ್ಲಿ ಹೊಸ ಬಡಾವಣೆಗಳ ರಸ್ತೆಗಳು ಹಿಂದಿನವುಗಳಿಗಿಂತ ಕಡಿಮೆ ಕೂಡಿಕೊಂಡಿವೆ. ದಕ್ಷಿಣ ಅಮೆರಿಕದ ಬೊಲಿವಿಯಾ, ಅರ್ಜೆಂಟೀನಾ, ಪೆರುವಿನಂಥ ದೇಶಗಳು ಚೌಕದ ಬೀದಿಗಳನ್ನು ಉಳಿಸಿಕೊಂಡಿವೆ. ಡೆನ್ಮಾರ್ಕ್, ಜರ್ಮನಿಯಂಥ ಕಡೆ ನಡಿಗೆಯ ಮತ್ತು ಸೈಕಲ್ಲಿನ ದಾರಿಗಳು ಕೊರತೆಯನ್ನು ತುಂಬಿವೆ.

ಈ ಕೊನೆಯ ಸಂಗತಿಯನ್ನು ಓದಿದಾಗ ನನಗೆ ನೆನಪಾದದ್ದು ದಣಪೆ.

ಘಟ್ಟದ ಮೇಲಿನವರಿಗೆ ದಣಪೆಯನ್ನು ವಿವರಿಸಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ: ಬೇಲಿಯ ನಡುವೆ ಎರಡು ಕಂಬ ನೆಟ್ಟು, ಅವುಗಳ ತೂತಿನಲ್ಲಿ ಜಾರುವಂತೆ ಅಡ್ಡಗೋಲುಗಳನ್ನು ಹಾಕಿರುತ್ತಾರೆ. ಮನುಷ್ಯರು ಗೋಲು ಸರಿಸಿ ದಾಟುತ್ತಾರೆ, ದನಗಳಿಗೆ ಅದು ತಡೆ. ಕೆಲವು ಕಡೆ ಇದಕ್ಕೆ ಉಣುಗೋಲು ಎನ್ನುತ್ತಾರೆ. ದಣಪೆ ದಾಟಿದರೆ ಒಬ್ಬರ ಅಂಗಳದ ಅಂಚು, ಅಲ್ಲಿಂದ ತೋಟದ ದಾರಿ, ಹಳ್ಳಕ್ಕೆ ಅಡಕೆ ಮರದ ಸಂಕ ಎಂಬ ಕಾಲುಸೇತುವೆ, ಆಚೆ ಗದ್ದೆಯ ಹಾಳಿ, ಮತ್ತೊಂದು ದಣಪೆ, ಮತ್ತೊಬ್ಬರ ಅಂಗಳ. ಬಂಡಿ ಹೋಗುವ ರಸ್ತೆ ಊರಿಗೊಂದೇ ಇತ್ತು, ಪ್ರತಿ ಮನೆಯೂ ಆ ರಸ್ತೆಯ ಒಂದು ಡೆಡ್ ಎಂಡೇ ಆಗಿತ್ತು. ಆದರೆ ಕಾಲಿಗೆ ಇಡೀ ಊರು ಬಲೆಯಾಗಿತ್ತು. ಶಾಲೆಗೆ, ಹಾಲಿನ ಸೊಸೈಟಿಗೆ, ದೇವಸ್ಥಾನಕ್ಕೆ, ಮದುವೆ ಮನೆಯ ಅಡಿಗೆಗೆ ಜನ ಹೋಗಿ ಬರುತ್ತಿದ್ದುದು ಆ ಬಲೆಯಲ್ಲಿ. ವಿದೇಶದ ಯೋಜಕರು ಬಹಳ ಯೋಚಿಸಿ ರೂಪಿಸಿದ್ದನ್ನು ನಮ್ಮ ಹಿರಿಯರು ನೆರೆಹೊರೆಯ ದಾಕ್ಷಿಣ್ಯದಲ್ಲಿ ಕಟ್ಟಿಕೊಂಡಿದ್ದರು. ಇದನ್ನು ಹೆಮ್ಮೆಯಿಂದ ಹೇಳುತ್ತೇನೆ, ನೋವಿನಿಂದಲೂ ಹೇಳುತ್ತೇನೆ, ಏಕೆಂದರೆ ಊರು ಬೆಳೆಯುವಾಗ ಮೊದಲು ಮಾಯವಾಗುವುದು ಇದೇ.

ನನ್ನ ಅತ್ತೆಯ ಮನೆ ಶಿರಸಿಯ ಅಂಚಿನಲ್ಲಿದೆ. ಹಾಲಿನ ಸೊಸೈಟಿಗೆ ಅವರು ಹಿತ್ತಲ ದಣಪೆ ದಾಟಿ, ಒಂದು ಬೇಣದ (ಹುಲ್ಲುಗಾವಲಿನ) ಅಂಚಿನಲ್ಲಿ ನಡೆದು ಹೋಗುತ್ತಿದ್ದರು. ನಾನು ಹುಡುಗನಾಗಿದ್ದಾಗ ಎಣಿಸಿದ್ದೆ, 350 ಹೆಜ್ಜೆ. ಆ ಬೇಣ ಮಾರಾಟವಾಗಿ ಅಲ್ಲಿ ಬಡಾವಣೆ ಬಂತು, ಸುತ್ತ ಚಿರೆಕಲ್ಲಿನ ಎತ್ತರದ ಕಂಪೌಂಡ್ ಬಂತು. ಈಗ ಅತ್ತೆ ಮುಖ್ಯರಸ್ತೆಗೆ ಹೋಗಿ, ಅದರ ಅಂಚಿನಲ್ಲಿ ಲಾರಿಗಳ ಗಾಳಿ ತಾಗಿಸಿಕೊಳ್ಳುತ್ತ ನಡೆದು, ಬಡಾವಣೆಯ ಬಾಯಿಯಲ್ಲಿ ತಿರುಗಿ ಹೋಗಬೇಕು. ಹೋದ ವರ್ಷ ನಾನು ಅವರ ಜೊತೆ ನಡೆದು ಮತ್ತೆ ಎಣಿಸಿದೆ, 1,900 ಹೆಜ್ಜೆ. ಅರ್ಧ ದಾರಿಯಲ್ಲಿ ಕ್ಯಾನನ್ನು ಕೆಳಗಿಟ್ಟು ಅತ್ತೆ ಹೇಳಿದರು: "ತಮಾ, ಸೊಸೈಟಿ ಇದ್ದಲ್ಲೇ ಇದೆ, ನಾನೂ ಇದ್ದಲ್ಲೇ ಇದ್ದೇನೆ. ದೂರ ಎಲ್ಲಿಂದ ಬಂತು?" ಈಗ ಅವರು ಹಾಲು ಕೊಡುವುದನ್ನೇ ಬಿಟ್ಟಿದ್ದಾರೆ.

ಆ ದೂರ ಬಂದದ್ದು ಗೋಡೆಯಿಂದ. ಬಡಾವಣೆಯ ನಕ್ಷೆಯಲ್ಲಿ ಯಾವ ತಪ್ಪೂ ಇರಲಿಲ್ಲ, ಅತ್ತೆಯ ದಾರಿ ಮಾತ್ರ ಯಾವ ನಕ್ಷೆಯಲ್ಲಿಯೂ ಇರಲಿಲ್ಲ. ಗ್ರಾಮ ನಕಾಶೆಯಲ್ಲಿ ಚುಕ್ಕಿಗೆರೆಯಾಗಿ ಕಾಣುವ ದಾರಿಗೆ ನಮ್ಮಲ್ಲಿ ನಕಾಶೆ ಕಂಡ ದಾರಿ ಎಂಬ ಮರ್ಯಾದೆ ಇದೆ. ಕಾಣದ ದಾರಿಗೆ ಇರುವುದು ಬಳಕೆಯ ಹಕ್ಕು ಮಾತ್ರ. 1882ರ ಭಾರತೀಯ ಈಸ್‌ಮೆಂಟ್ ಕಾಯ್ದೆಯ 15ನೇ ಕಲಮಿನ ಪ್ರಕಾರ ಬೇರೆಯವರ ಜಮೀನಿನಲ್ಲಿ 20 ವರ್ಷ ಬಹಿರಂಗವಾಗಿ, ಶಾಂತಿಯುತವಾಗಿ, ತಡೆಯಿಲ್ಲದೆ, ಹಕ್ಕೆಂಬಂತೆ ನಡೆದಿದ್ದರೆ ಆ ದಾರಿ ಹಕ್ಕಾಗುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ. ಆದರೆ ಇಲ್ಲಿ ಎರಡು ಮುಳ್ಳುಗಳಿವೆ. ಯಜಮಾನರ ಅನುಮತಿಯಿಂದ, ಅವರ ದಾಕ್ಷಿಣ್ಯದಿಂದ ನಡೆದ ದಾರಿ ಎಷ್ಟು ವರ್ಷವಾದರೂ ಹಕ್ಕಾಗುವುದಿಲ್ಲ. ದಣಪೆಯ ದಾರಿಗಳಲ್ಲಿ ಹೆಚ್ಚಿನವು ಅಂಥವೇ. ಮತ್ತು ದಾರಿ ಮುಚ್ಚಿದ ಎರಡು ವರ್ಷದೊಳಗೆ ನ್ಯಾಯಾಲಯಕ್ಕೆ ಹೋಗಬೇಕು. ಹಾಲಿನ ಕ್ಯಾನ್ ಹೊತ್ತ ಅರವತ್ತೈದರ ಹೆಂಗಸು ನೆರೆಯವರ ಮೇಲೆ ದಾವೆ ಹೂಡುವುದುಂಟೆ?

ಕಾರವಾರದ ಕಥೆ ಇನ್ನೊಂದು ಬಗೆಯದು. ಪಶ್ಚಿಮಕ್ಕೆ ಸಮುದ್ರ, ಉತ್ತರಕ್ಕೆ ಕಾಳಿ, ಪೂರ್ವಕ್ಕೂ ದಕ್ಷಿಣಕ್ಕೂ ಗುಡ್ಡ. ಬಿಣಗಾ, ಅರ್ಗಾದಿಂದ ಆಚೆ ಕರಾವಳಿಯ ದೊಡ್ಡ ಭಾಗ ಸೀಬರ್ಡ್ ನೌಕಾನೆಲೆಗೆ ಹೋಗಿದೆ. ರೈಲು ನಿಲ್ದಾಣ ಪೇಟೆಯಿಂದ ದೂರ, ಶಿರವಾಡದಲ್ಲಿ. ಹೀಗೆ ಇಕ್ಕಟ್ಟಾದ ಊರು ನಾಲ್ಕೂ ಕಡೆ ಸಮನಾಗಿ ಬೆಳೆಯಲಾರದು, ಒಂದೆರಡು ರಸ್ತೆಗಳಿಗೆ ಜೋತುಬಿದ್ದು ಬೆಳೆಯುತ್ತದೆ. ಇಡೀ ಕರಾವಳಿಯೇ ಒಂದು ಬಗೆಯಲ್ಲಿ ಹಾಗೆ: ರಾಷ್ಟ್ರೀಯ ಹೆದ್ದಾರಿ 66 ಕಾಂಡ, ಉಳಿದ ಊರುಗಳೆಲ್ಲ ಅದರಿಂದ ಹೊರಟ ಕೊಂಬೆ. ಕಾಂಡಕ್ಕೆ ಏಟು ಬಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಕಂಡೆವು. ಜೀವಗಳು ಹೋದವು. ಅದರ ಮುಂದೆ ಬೇರೆ ನಷ್ಟಗಳನ್ನು ಎಣಿಸಲು ಮನಸ್ಸಾಗುವುದಿಲ್ಲ. ಆದರೂ ಹಲವು ದಿನ ಹೆದ್ದಾರಿ ಮುಚ್ಚಿ ಕರಾವಳಿ ಎರಡು ತುಂಡಾದದ್ದನ್ನು ಇಲ್ಲಿ ನೆನಪಿಸಲೇಬೇಕು.

ಅದೇ ಹೆದ್ದಾರಿ ಚತುಷ್ಪಥವಾದಾಗ ಗೋವಾ, ಮಂಗಳೂರುಗಳು ನಮಗೆ ಹತ್ತಿರವಾದವು. ಆದರೆ ಹೆದ್ದಾರಿಯ ಈಚೆಗಿನ ಮನೆಗೆ ಆಚೆಗಿನ ಗದ್ದೆ ದೂರವಾಯಿತು. ನಡುವಿನ ವಿಭಜಕಕ್ಕೆ ಬಾಯಿ ಇರುವ ಕಡೆಯವರೆಗೆ ಹೋಗಿ ತಿರುಗಿ ಬರಬೇಕು, ಇಲ್ಲವೇ ಜೀವ ಕೈಯಲ್ಲಿ ಹಿಡಿದು ಅಡ್ಡ ಓಡಬೇಕು. ಅಂಡರ್‌ಪಾಸ್ ಕೊಡಿ, ಸರ್ವಿಸ್ ರಸ್ತೆ ಕೊಡಿ ಎಂದು ಊರೂರಿನವರು ಕೇಳುವುದು ಇದಕ್ಕಾಗಿ. ಅವರು ಹೆದ್ದಾರಿಯನ್ನು ವಿರೋಧಿಸುತ್ತಿಲ್ಲ, ತಮ್ಮ ಹಳೆಯ ಬಲೆಯ ಹರಿದ ಕಣ್ಣುಗಳನ್ನು ಹೊಲಿದುಕೊಡಿ ಎನ್ನುತ್ತಿದ್ದಾರೆ.

ಡೆಡ್ ಎಂಡ್ ರಸ್ತೆಯಲ್ಲಿ ಮನೆ ಕೊಂಡವರ ಮಾತನ್ನೂ ಕೇಳಬೇಕು. ಅಲ್ಲಿ ಗದ್ದಲವಿಲ್ಲ, ಅಪರಿಚಿತ ವಾಹನಗಳಿಲ್ಲ, ಮಕ್ಕಳು ರಸ್ತೆಯಲ್ಲೇ ಕ್ರಿಕೆಟ್ ಆಡಬಹುದು. ಇದು ನಿಜವಾದ ಸುಖ, ಅದನ್ನು ಅವರಿಂದ ಕಸಿಯಬೇಕಾಗಿಲ್ಲ. ನಮ್ಮ ಗುಡ್ಡದ ನೆಲದಲ್ಲಿ ಎಲ್ಲೆಡೆ ಚೌಕದ ಬೀದಿಗಳನ್ನು ಎಳೆಯಬೇಕೆಂದೂ ನಾನು ಹೇಳಲಾರೆ; ಹಾಗೆ ಎಳೆಯಲು ಗುಡ್ಡ ಕಡಿದರೆ ಮಳೆಗಾಲದಲ್ಲಿ ಗುಡ್ಡವೇ ಕೆಳಗಿಳಿಯುತ್ತದೆ. ಕಾರಿಗೆ ದಾರಿ ಮುಗಿದ ಜಾಗದಲ್ಲಿ ಕಾಲಿಗೂ ಮುಗಿಯಬೇಕಾಗಿಲ್ಲ ಎಂಬುದಷ್ಟೇ ನನ್ನ ಮಾತು. ಎರಡು ಸೈಟುಗಳ ನಡುವೆ ಆರು ಅಡಿಯ ಓಣಿ, ಇಳಿಜಾರಿನಲ್ಲಿ ಹತ್ತಾರು ಮೆಟ್ಟಿಲು, ಹಳ್ಳಕ್ಕೊಂದು ಕಾಲುಸಂಕ ಇದ್ದರೆ ಮೋಟಾರು ವಾಹನ ಬಾರದೆಯೂ ಜನ ಬರುತ್ತಾರೆ. ಮೊದಲು ಹೇಳಿದ 30 ಮೀಟರ್ ಉದ್ದಕ್ಕೆ ಆರು ಅಡಿಯ ಓಣಿ ಬಿಟ್ಟರೆ ಹೋಗುವುದು ಸುಮಾರು 55 ಚದರ ಮೀಟರ್, ಅರ್ಧ ಸೈಟು. ರಸ್ತೆ ಬಿಡಲು ಒಪ್ಪದ ಯಜಮಾನರೂ ಇದಕ್ಕೆ ಒಪ್ಪಿಯಾರು.

ಇದನ್ನು ಮಾಡಬೇಕಾದ ಹೊತ್ತು ಒಂದೇ, ಲೇಔಟಿನ ನಕ್ಷೆ ಇನ್ನೂ ಕಾಗದದ ಮೇಲೆ ಇರುವಾಗ. ನಗರಸಭೆಯೋ ಯೋಜನಾ ಪ್ರಾಧಿಕಾರವೋ ನಕ್ಷೆಯನ್ನು ನೋಡುವಾಗ ಸುತ್ತಲಿನ ನಾಲ್ಕೂ ಸರ್ವೆ ನಂಬರುಗಳನ್ನು ಸೇರಿಸಿ ಬರೆಸಿಕೊಂಡು ನೋಡಬೇಕು. ಒಳಗಿನ ಒಂದು ರಸ್ತೆಯಾದರೂ ಪಕ್ಕದ ಜಮೀನಿನ ಗಡಿಯನ್ನು ಮುಟ್ಟಿ ನಿಂತಿರಬೇಕು, ಮುಂದೆ ಅಲ್ಲಿ ಲೇಔಟ್ ಬಂದಾಗ ಕೂಡಿಕೊಳ್ಳಲು. ಆ ಜಾಗದಲ್ಲಿ ಜನ ನಡೆಯುತ್ತಿರುವ ಕಾಲುದಾರಿ ಇದೆಯೇ ಎಂದು ಸ್ಥಳಕ್ಕೆ ಹೋಗಿ ಅಕ್ಕಪಕ್ಕದವರನ್ನು ಕೇಳಿ, ಇದ್ದರೆ ಅದನ್ನು ನಕ್ಷೆಯಲ್ಲಿ ಓಣಿಯಾಗಿ ಬರೆಸಬೇಕು. ಊರಿನವರೂ ಕಾಯಬೇಕಾಗಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕಾಲುದಾರಿಗಳನ್ನು ಯಾರು ಬೇಕಾದರೂ ಸೇರಿಸಬಹುದು. ಅದರಿಂದ ಕಾನೂನಿನ ಹಕ್ಕು ಸಿಗುವುದಿಲ್ಲ, ಆದರೆ ಅಲ್ಲೊಂದು ದಾರಿ ಇತ್ತು ಎಂಬುದು ಕಣ್ಣಿಗೆ ಕಾಣುತ್ತದೆ. ಗ್ರಾಮಸಭೆಯಲ್ಲಿ ಅದನ್ನು ಮುಂದಿಟ್ಟು ಮಾತನಾಡಬಹುದು.

ಅತ್ತೆಯ ಮನೆಯ ಹಿಂದಿನ ಬಡಾವಣೆಯಲ್ಲಿ ಒಂದು ಮೂಲೆ ಸೈಟು ಇನ್ನೂ ಖಾಲಿ ಇದೆ. ಹಳೆಯ ದಣಪೆಯ ಕಂಬಗಳು ಗೋಡೆಯ ಈಚೆ ಬದಿಯಲ್ಲಿ ನೇರ ಅದರ ಎದುರಿಗೇ ನಿಂತಿವೆ. ಸೈಟಿನವರು ಬೆಂಗಳೂರಿನಲ್ಲಿದ್ದಾರೆ, ದಸರೆಗೆ ಬರುತ್ತಾರೆ ಎಂದು ಅಕ್ಕಪಕ್ಕದವರು ಹೇಳಿದರು. ಬದಿಯಲ್ಲಿ ಆರು ಅಡಿ ಬಿಟ್ಟುಕೊಡಬಹುದೇ, ಅದಕ್ಕೆ ಪ್ರತಿಯಾಗಿ ಅತ್ತೆಯ ಹಿತ್ತಲಿನಿಂದ ಅಷ್ಟೇ ಜಾಗ ತೆಗೆದುಕೊಳ್ಳಬಹುದೇ ಎಂದು ಕೇಳಲು ಒಂದು ಸಣ್ಣ ನಕ್ಷೆ ಬರೆದಿಟ್ಟುಕೊಂಡಿದ್ದೇನೆ. ಅಲ್ಲಿ ಇನ್ನೂ ಪಾಯ ತೋಡಿಲ್ಲ.